ಹಳೆಯ ನಗರಗಳ ಬಣ್ಣದ ಚಿತ್ರಗಳಿಗೆ ಕಟ್ಟು ಹಾಕಿಸುವ ಮುನ್ನ

ಬೆಳಗಾವಿಯ ನಿಮ್ಮ ಹೊಸ ಮನೆಯ ಪಡಸಾಲೆಯಲ್ಲಿ ಹಳೆಯ ಕಾಲದ ನಗರಗಳ ಬಣ್ಣದ ಛಾಯಾಚಿತ್ರಗಳನ್ನು ಕಟ್ಟು ಹಾಕಿಸಿ ತೂಗುಹಾಕಬೇಕೆಂದಿದ್ದೀರಿ. ಯಾವುದನ್ನು ಆರಿಸಬೇಕು, ಏನನ್ನು ಗಮನಿಸಬೇಕು ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಇಂಥ ಏಳು ಚಿತ್ರಗಳನ್ನು ಹಾಕಿಸಿ, ಅವುಗಳಲ್ಲಿ ಎರಡನ್ನು ಕೆಡಿಸಿಕೊಂಡವನಾದ್ದರಿಂದ ಉತ್ತರಿಸುತ್ತಿದ್ದೇನೆ.

ನೀವು ಹಣ ಕೊಡುವುದು ಬಣ್ಣಕ್ಕಾಗಿ. ಆದ್ದರಿಂದ ಆ ಬಣ್ಣ ಎಲ್ಲಿಂದ ಬಂತೆಂಬುದನ್ನು ಮೊದಲು ತಿಳಿದುಕೊಳ್ಳಿ. 1890ರ ದಶಕದ ಇಸ್ತಾಂಬುಲ್‌ನ ಗಲಾಟಾ ಸೇತುವೆಯಂಥ ಚಿತ್ರಗಳು ಫೋಟೋಕ್ರೋಮ್ ಎಂಬ ಪದ್ಧತಿಯವು. ಅಲ್ಲಿ ಕ್ಯಾಮೆರಾ ಹಿಡಿದದ್ದು ಕಪ್ಪುಬಿಳುಪನ್ನು ಮಾತ್ರ, ಬಣ್ಣವನ್ನು ಸೇರಿಸಿದ್ದು ಬಣ್ಣಕ್ಕೊಂದರಂತೆ ಕಲ್ಲಚ್ಚುಗಳನ್ನು ಸಿದ್ಧಪಡಿಸಿದ ಮುದ್ರಣಾಲಯದವರು. 1907ರಲ್ಲಿ ಲೂಮಿಯೇರ್ ಸಹೋದರರು ಮಾರುಕಟ್ಟೆಗೆ ತಂದ ಆಟೋಕ್ರೋಮ್‌ನಲ್ಲಿ ಬಣ್ಣವನ್ನು ಹಿಡಿದದ್ದು ಗಾಜಿನ ಫಲಕದ ಮೇಲೆ ಹರಡಿದ, ಕಿತ್ತಳೆ, ಹಸಿರು ಮತ್ತು ನೇರಳೆ ಬಣ್ಣ ಹಾಕಿದ ಆಲೂಗಡ್ಡೆ ಪಿಷ್ಟದ ಕಣಗಳು. ಅದನ್ನು ದೊಡ್ಡದಾಗಿ ಮುದ್ರಿಸಿ ಹತ್ತಿರದಿಂದ ನೋಡಿದರೆ ಆಕಾಶವು ರಂಗೋಲಿ ಪುಡಿ ಚಿಮುಕಿಸಿದಂತೆ ಕಾಣುತ್ತದೆ. ನನಗಂತೂ ಅದೇ ಇಷ್ಟ. ಛಾಯಾಗ್ರಾಹಕನ ಕಣ್ಣಿಗೆ ಕಂಡ ಬಣ್ಣಕ್ಕೆ ಹತ್ತಿರದ್ದು, ಗೆರೆಗಳೂ ಚುರುಕಾಗಿರುವಂಥದ್ದು ಬೇಕಿದ್ದರೆ 1935ರಲ್ಲಿ ಬಂದ ಕೊಡಾಕ್ ಕಂಪನಿಯ ಬಣ್ಣದ ಫಿಲ್ಮ್ ಕೊಡಾಕ್ರೋಮ್‌ನ ಚಿತ್ರಗಳನ್ನು ಹುಡುಕಿ.

ಮೊದಲ ಸಲಕ್ಕೆ ನನ್ನ ಸಲಹೆ ಕೊಡಾಕ್ರೋಮ್. ಅಮೆರಿಕದ ಸರ್ಕಾರವು 1939ರಿಂದ 1944ರವರೆಗೆ ತೆಗೆಸಿದ ಸುಮಾರು 1,600 ಬಣ್ಣದ ಚಿತ್ರಗಳು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದ್ದು, ಅವುಗಳ ದೊಡ್ಡ ಕಡತಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. 12 ಇಂಚು ಅಗಲ, 18 ಇಂಚು ಉದ್ದದ ಪ್ರತಿಗೆ, ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ 3,600 ಮತ್ತು 5,400 ಪಿಕ್ಸೆಲ್ ಇರಬೇಕು. ಸೋಫಾದ ಮೇಲ್ಗಡೆ, ದೂರದಿಂದ ನೋಡುವ ಚಿತ್ರಕ್ಕೆ 200ರ ಲೆಕ್ಕವೂ ಸಾಕಾಗುತ್ತದೆ.

ನನ್ನ ಮೊದಲ ಪ್ರತಿ ಕೆಟ್ಟದ್ದು ಮುದ್ರಣದಲ್ಲಿ. ಆ ಸರ್ಕಾರಿ ಛಾಯಾಗ್ರಾಹಕರಲ್ಲಿ ಒಬ್ಬರಾದ ಜಾಕ್ ಡೆಲಾನೊ 1942ರ ಡಿಸೆಂಬರ್‌ನಲ್ಲಿ ಶಿಕಾಗೊದ ರೈಲ್ವೆ ಯಾರ್ಡ್‌ನಲ್ಲಿ ತೆಗೆದ ಚಿತ್ರವನ್ನು ಕೊಟ್ಟಿದ್ದೆ. ಅಂಗಡಿಯ ಹುಡುಗ ಪ್ರೀತಿಯಿಂದಲೇ ಕಲರ್ ಕರೆಕ್ಷನ್ ಮಾಡಿ, ಚಳಿಯ ನೀಲಿ ಛಾಯೆಯನ್ನೆಲ್ಲ ತೆಗೆದು, ಮದುವೆ ಆಲ್ಬಮ್ಮಿನಂತೆ ಬೆಳ್ಳಗೆ ಹೊಳೆಯಿಸಿಬಿಟ್ಟಿದ್ದ. ಈಗ ನಾನು ‘ಕಲರ್ ಮುಟ್ಟಬೇಡಿ, ಇದ್ದ ಹಾಗೇ ಕೊಡಿ’ ಎಂದು ಹೇಳಿ, ಮೊದಲು ಅಂಗೈಯಗಲದ ಒಂದು ತುಂಡನ್ನು ಮುದ್ರಿಸಿಕೊಂಡು ಹಗಲು ಬೆಳಕಿನಲ್ಲಿ ನೋಡುತ್ತೇನೆ. ಹೊಳಪಿಲ್ಲದ ಕಾಗದ, ಪಿಗ್ಮೆಂಟ್ ಶಾಯಿ ಎಂದು ಕೇಳಿ ಪಡೆಯಿರಿ. ಅಗ್ಗದ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ.

ಎರಡನೆಯದನ್ನು ಕೆಡಿಸಿದ್ದು ನಮ್ಮೂರಿನ ಮಳೆಗಾಲ. ದೇವರ ಪಟಗಳಿಗೂ ಹಿರಿಯರ ಭಾವಚಿತ್ರಗಳಿಗೂ ಕಟ್ಟು ಹಾಕುವವರು ಸಾಮಾನ್ಯವಾಗಿ ಚಿತ್ರವನ್ನು ಗಾಜಿಗೆ ಒತ್ತಿಯೇ ಕೂಡಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಣಗುವುದೇ ಇಲ್ಲವಾದ್ದರಿಂದ, ದೀಪಾವಳಿಗೆ ಗೋಡೆ ಒರೆಸಲೆಂದು ಇಳಿಸಿದಾಗ ಚಿತ್ರದ ಮೇಲಿನ ಮೂಲೆ ಗಾಜಿಗೆ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಬಣ್ಣವು ಗಾಜಿನಲ್ಲೇ ಉಳಿಯಿತು. ಚಿತ್ರಕ್ಕೂ ಗಾಜಿಗೂ ನಡುವೆ ಆಮ್ಲರಹಿತ ದಪ್ಪ ರಟ್ಟಿನ ಮೌಂಟ್ (ಚಿತ್ರದ ಅಂಚನ್ನಷ್ಟೇ ಮುಚ್ಚುವ ಚೌಕಟ್ಟು) ಹಾಕಿಸಿದರೆ ಈ ತೊಂದರೆಯಿಲ್ಲ. ಹಿಂಬದಿಗೆ ಹಳೆಯ ಪತ್ರಿಕೆ ತುಂಬಿಸಲು ಬಿಡಬೇಡಿ, ಕೆಳಗಿನ ಎರಡು ಮೂಲೆಗಳಿಗೆ ಬಾಟಲಿಯ ಬೂಚಿನ ಬಿಲ್ಲೆಗಳನ್ನು ಅಂಟಿಸಿ ಗೋಡೆಯಿಂದ ಅರ್ಧ ಇಂಚು ದೂರವಿಡಿ, ಮಳೆ ಬಡಿಯುವ ಪಶ್ಚಿಮದ ಗೋಡೆಯನ್ನಂತೂ ಖಾಲಿಯಾಗಿಯೇ ಬಿಡಿ.

ನಮ್ಮ ಕಡೆಯದೇ ಚಿತ್ರವಿದ್ದರೆ ಚೆಂದವೆಂದು ಯಾರಾದರೂ ‘ಹಳೆಯ ಗೋಳಗುಮ್ಮಟ, ಬಣ್ಣದಲ್ಲಿ’ ಎಂದು ತೋರಿಸಬಹುದು. ನಾನು ನೋಡಿದವುಗಳಲ್ಲಿ ಹೆಚ್ಚಿನವು ಹತ್ತೊಂಬತ್ತನೆಯ ಶತಮಾನದ ಕಪ್ಪುಬಿಳುಪು ಚಿತ್ರಗಳಿಗೆ ಈಚೆಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದಂಥವು. ಅಂಥದ್ದನ್ನು ನಾನು ಬಣ್ಣದ ಸಾಲಿಗೆ ಸೇರಿಸಲಿಲ್ಲ. ಗುಮ್ಮಟದ ಮೂಲ ಕಂದು ಛಾಯೆಯ ಪ್ರತಿಯನ್ನೇ ಕಟ್ಟು ಹಾಕಿಸಿ, ಓದುವ ಕೋಣೆಯಲ್ಲಿ ಬೇರೆಯಾಗಿ ಇಟ್ಟಿದ್ದೇನೆ.