ಓದುಗರ ಪ್ರಶ್ನೆ: ಯೇಸುವನ್ನ ನಂಬ್ತಾನೆ, ಕ್ರಿಸ್‌ಮಸ್ ಬೇಡ ಅಂತಾನೆ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಮೇಲಿದ್ವು, ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕೇ ಪೂರ್ತಿ ಜಾಗ ಕೊಟ್ಟಿದ್ದೀನಿ. ಕೇಳಿದವರ ಹೆಸರು ಹಾಕಿಲ್ಲ, ಅವರೇ ಬೇಡ ಅಂದಿದ್ದಾರೆ.

ಪ್ರಶ್ನೆ: ನಾವು ಬಂಟ್ವಾಳ ಕಡೆಯ ಕ್ಯಾಥೊಲಿಕರು. ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ, ಈಗ ಅವನೂ ಸೊಸೆಯೂ ಯೆಹೋವನ ಸಾಕ್ಷಿಗಳು ಅನ್ನೋ ಕ್ರೈಸ್ತ ಪಂಗಡದ ಜೊತೆ ಸೇರಿಕೊಂಡಿದ್ದಾರೆ. ಕ್ರಿಸ್‌ಮಸ್‌ಗೆ ಬರಲ್ಲ, ಮಕ್ಕಳಿಗೆ ಗಿಫ್ಟ್ ಕಳಿಸಬೇಡಿ, ಬರ್ತ್‌ಡೇನೂ ಮಾಡಲ್ಲ ಅಂತ ಫೋನ್ ಮಾಡಿ ಹೇಳಿಬಿಟ್ಟ. ಬೇರೆ ಧರ್ಮಕ್ಕೆ ಹೋಗಿದ್ರೆ ಹೇಗೋ ಅರ್ಥ ಮಾಡ್ಕೋತಿದ್ದೆ, ಆದ್ರೆ ಇವರು ಓದೋದೂ ಬೈಬಲ್ಲೇ, ಪ್ರಾರ್ಥನೇಲಿ ಹೇಳೋದೂ ಯೇಸುವಿನ ಹೆಸರೇ, ಆಮೇಲೆ ಅವನು ಹುಟ್ಟಿದ ಹಬ್ಬ ಮಾತ್ರ ಯಾಕೆ ಬೇಡ? ಪಕ್ಕದ ಮನೆಯವರು ಕೇಳಿದ್ರೆ ಏನು ಹೇಳ್ಲಿ? ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟೋಕೂ ಈ ಸಲ ಮನಸ್ಸಿಲ್ಲ.

ಉತ್ತರ: ಅಮ್ಮಾ, ಮೊದಲು ಗೋದಲಿ ಕಟ್ಟಿ. ಮಗ ಬರಲ್ಲ ಅಂತ ನಿಮ್ಮ ಹಬ್ಬವನ್ನ ನೀವು ಬಿಡೋದು ಬೇಡ, ಅವನೂ ಅದನ್ನ ಕೇಳಿಲ್ಲ. ನಕ್ಷತ್ರ ಹಚ್ಚಿ, ರಾತ್ರಿ ಪೂಜೆಗೆ ಹೋಗಿ, ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಮಾಡಿ ನೆರೆಮನೆಗಳಿಗೆ ಹಂಚಿ, ಪ್ರತಿ ವರ್ಷ ಹೇಗೋ ಹಾಗೇ.

ಈಗ ಯಾಕೆ ಅನ್ನೋದಕ್ಕೆ ಬರ್ತೀನಿ. ನಿಮ್ಮ ಪತ್ರದಲ್ಲಿ ಇನ್ನೊಂದು ಕಡೆ ‘ಯಾರೋ ತಲೆ ಕೆಡಿಸಿದ್ದಾರೆ’ ಅಂತ ಬರೆದಿದ್ದೀರಿ. ಕ್ರಿಸ್ತನನ್ನ ನಂಬೋರೇ ಕ್ರಿಸ್‌ಮಸ್ ಬೇಡ ಅನ್ನೋದು ಇವತ್ತಿನ ಮಾತಲ್ಲ, ನಿಮ್ಮ ಮಗನಿಂದ ಶುರುವಾದದ್ದಂತೂ ಅಲ್ಲವೇ ಅಲ್ಲ. ಬೈಬಲ್‌ನಲ್ಲಿ ಯೇಸು ಹುಟ್ಟಿದ ತಾರೀಖು ಎಲ್ಲೂ ಇಲ್ಲ, ಇದನ್ನ ನಿಮ್ಮ ಫಾದರ್ ಕೂಡ ಒಪ್ಪುತ್ತಾರೆ. ಲೂಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಕುರುಬರು ರಾತ್ರಿ ಹೊಲದಲ್ಲಿ ಕುರಿ ಕಾಯ್ತಿದ್ರು ಅಂತ ಇದೆ ಅಷ್ಟೇ, ತಿಂಗಳೂ ಇಲ್ಲ ದಿನವೂ ಇಲ್ಲ. ಡಿಸೆಂಬರ್ 25 ಅನ್ನೋದು ರೋಮ್‌ನಲ್ಲಿ 354ರಲ್ಲಿ ಸಿದ್ಧವಾದ ಒಂದು ಪಂಚಾಂಗದಲ್ಲಿ ಸಿಗತ್ತೆ, ಅಂದ್ರೆ ಯೇಸುವಿನ ಕಾಲ ಕಳೆದು ಮುನ್ನೂರು ವರ್ಷದ ಮೇಲೆ. ರೋಮನ್ನರು ಸೂರ್ಯನಿಗೆ ಮಾಡ್ತಿದ್ದ ಹಬ್ಬವನ್ನ ಚರ್ಚು ತನ್ನದು ಮಾಡ್ಕೊಂಡಿತು ಅಂತ ಕೆಲವರು ಹೇಳ್ತಾರೆ. ಇಲ್ಲ, ಮಾರ್ಚ್ 25ಕ್ಕೆ ಮರಿಯಮ್ಮ ಗರ್ಭ ಧರಿಸಿದಳು ಅಂತ ಲೆಕ್ಕ ಇಟ್ಟು ಒಂಬತ್ತು ತಿಂಗಳು ಕೂಡಿಸಿದ್ದು ಅಂತ ಇನ್ನು ಕೆಲವು ಪಂಡಿತರು ಹೇಳ್ತಾರೆ, ಈ ಚರ್ಚೆ ಇನ್ನೂ ಮುಗಿದಿಲ್ಲ. ಅರ್ಮೇನಿಯಾದ ಹಳೇ ಚರ್ಚಿನವರು ಇವತ್ತಿಗೂ ಜನವರಿ 6ಕ್ಕೇ ಮಾಡ್ತಾರೆ.

ನಿಮ್ಮ ಚರ್ಚಿನ ನಂಬಿಕೆ ಏನಂದ್ರೆ ತಾರೀಖು ಯಾವುದಾದ್ರೂ ಆಗ್ಲಿ, ದೇವರು ಮನುಷ್ಯನಾಗಿ ಬಂದಿದ್ದನ್ನ ನೆನೆಯೋದು ಮುಖ್ಯ, ಅದಕ್ಕೆ ಸಾವಿರದ ಆರುನೂರಕ್ಕೂ ಹೆಚ್ಚು ವರ್ಷದ ಪರಂಪರೆಯ ಬಲ ಇದೆ. ಯೆಹೋವನ ಸಾಕ್ಷಿಗಳ ನಂಬಿಕೆ ಏನಂದ್ರೆ ಯೇಸು ತಾನೇ ಹೇಳದ ಹಬ್ಬವನ್ನ, ಅದೂ ಬೇರೆ ದೇವರ ಪೂಜೆಯ ನಂಟಿರೋ ದಿನದಲ್ಲಿ ಮಾಡಿದ್ರೆ ಅವನಿಗೆ ಅವಮಾನ ಮಾಡಿದ ಹಾಗೆ. ಯೇಸು ನೆನಪು ಮಾಡ್ಕೊಳ್ಳಿ ಅಂತ ಹೇಳಿದ್ದು ತನ್ನ ಮರಣವನ್ನ, ಹುಟ್ಟಿದ ದಿನವನ್ನಲ್ಲ ಅಂತ ಅವರ ವಾದ. ಅದಕ್ಕೇ ಅವರಿಗೆ ವರ್ಷಕ್ಕೆ ಒಂದೇ ದೊಡ್ಡ ದಿನ, ಮಾರ್ಚ್ ಕೊನೆಗೋ ಏಪ್ರಿಲ್‌ನಲ್ಲೋ ಒಂದು ಸಂಜೆ ಸೇರಿ ಕ್ರಿಸ್ತನ ಮರಣದ ಸ್ಮರಣೆ ಮಾಡ್ತಾರೆ. ಬರ್ತ್‌ಡೇ ವಿಷಯಾನೂ ಹೀಗೇ, ಬೈಬಲ್‌ನಲ್ಲಿ ಇಬ್ಬರ ಹುಟ್ಟುಹಬ್ಬದ ಕಥೆ ಬರತ್ತೆ, ಒಂದು ಐಗುಪ್ತದ ಫರೋಹನದ್ದು, ಇನ್ನೊಂದು ಹೆರೋದನದ್ದು. ಮೊದಲನೇದರಲ್ಲಿ ರೊಟ್ಟಿ ಮಾಡೋನನ್ನ ಗಲ್ಲಿಗೇರಿಸ್ತಾರೆ, ಎರಡನೇದರಲ್ಲಿ ಸ್ನಾನಿಕ ಯೋಹಾನನ ತಲೆ ಕಡೀತಾರೆ. ನನಗೆ ಈ ಬರ್ತ್‌ಡೇ ವಾದ ಅಷ್ಟೇನೂ ಗಟ್ಟಿ ಅನ್ಸಲ್ಲ, ಆದ್ರೆ ಅವರು ಮನಸ್ಸಾರೆ ನಂಬಿದ್ದಾರೆ ಅನ್ನೋದರಲ್ಲಿ ಅನುಮಾನ ಇಲ್ಲ. ಸಾಕ್ಷಿಗಳೂ ಶುರುವಲ್ಲಿ ಕ್ರಿಸ್‌ಮಸ್ ಮಾಡ್ತಿದ್ದೋರೇ, ಅಮೆರಿಕದ ಬ್ರೂಕ್ಲಿನ್‌ನಲ್ಲಿದ್ದ ಅವರ ಮುಖ್ಯ ಕಚೇರಿಯಲ್ಲಿ 1926ರವರೆಗೂ ನಡೀತಿತ್ತು, ಆಮೇಲೆ ನಿಲ್ಲಿಸಿದ್ರು.

ಅವರಿಗಿಂತ ಎಷ್ಟೋ ಮೊದಲೇ ಇಂಗ್ಲೆಂಡಿನ ಪ್ಯೂರಿಟನ್ನರು, ಅಂದ್ರೆ ಬೈಬಲ್‌ನಲ್ಲಿ ಇಲ್ಲದ ಆಚರಣೆಗಳು ಬೇಡ ಅಂತಿದ್ದ ಕಟ್ಟಾ ಪ್ರೊಟೆಸ್ಟೆಂಟರು, ಇದೇ ಮಾತು ಹೇಳಿದ್ರು. ಅವರ ಕೈಗೆ ಅಧಿಕಾರ ಬಂದಾಗ 1647ರಲ್ಲಿ ಪಾರ್ಲಿಮೆಂಟು ಕ್ರಿಸ್‌ಮಸ್ಸು ಈಸ್ಟರು ಎಲ್ಲಾ ಹಬ್ಬಗಳನ್ನೂ ರದ್ದು ಮಾಡ್ತು. ಆ ವರ್ಷ ಡಿಸೆಂಬರ್ 25ಕ್ಕೆ ಕ್ಯಾಂಟರ್ಬರಿ ಊರಲ್ಲಿ ಅಂಗಡಿ ತೆಗೀಲೇಬೇಕು ಅಂತ ಮೇಯರ್ ಹಟ ಹಿಡಿದಿದ್ದಕ್ಕೆ ಜನ ದೊಂಬಿ ಎದ್ರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದ್ರೆ ಐದು ಶಿಲ್ಲಿಂಗ್ ದಂಡ ಇತ್ತು. ಸ್ಕಾಟ್ಲೆಂಡಲ್ಲಿ ಆ ದಿನ ಸಾರ್ವಜನಿಕ ರಜೆ ಅಂತ ಆಗಿದ್ದೇ 1958ರಲ್ಲಿ, ಅಲ್ಲಿಯ ಪ್ರೆಸ್ಬಿಟೇರಿಯನ್ ಚರ್ಚು ಮೊದಲಿಂದಲೂ ಹಬ್ಬದಿಂದ ದೂರ ಇತ್ತು. ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಬೇಡ ಅನ್ನೋರ ಭಕ್ತಿ ನಿಜವಾದ್ದೇ, ಆದ್ರೆ ಅದನ್ನ ಬೇರೆಯವರ ಮೇಲೆ ಹೇರೋಕೆ ಹೋದಾಗೆಲ್ಲ ಊರು ಒಡೆದಿದೆ. ಮಾಡೋರು ಬೇಡ ಅನ್ನೋರ ಮೇಲೆ ಹೇರಿದ್ರೂ ಮನೆ ಒಡೆಯೋದು ಹಾಗೇನೇ.

ನೀವು ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಶುಕ್ರವಾರ ಮಾಂಸ ಮುಟ್ಟಲ್ಲ ಅಲ್ವಾ, ಆ ದಿನ ಯಾರಾದ್ರೂ ‘ಒಂದು ಪೀಸ್ ತಿಂದ್ರೆ ಏನಾಗತ್ತೆ ಅಮ್ಮಾ’ ಅಂತ ತಟ್ಟೆಗೆ ಹಾಕಿದ್ರೆ ನಿಮಗೆ ಹೇಗಾಗತ್ತೆ? ಮಗನಿಗೆ ಡಿಸೆಂಬರ್ ಪೂರ್ತಿ ಹಾಗೇ ಇರತ್ತೆ. ಅವನು ಬೇಡ ಅಂದಿದ್ದು ಹಬ್ಬವನ್ನ, ನಿಮ್ಮನ್ನಲ್ಲ. ನಿಮಗೆ ನೋವಾಗಿರೋದು ಸಹಜ, ಎಷ್ಟೋ ವರ್ಷ ಒಟ್ಟಿಗೆ ಕೂತು ನೆವ್ರಿ (ಕರ್ಜಿಕಾಯಿ) ಮಡಚಿದ ಮಗ ಅವನು, ಆ ನೋವನ್ನ ಅವನಿಗೆ ನೇರ ಹೇಳಿ. ‘ನನಗೆ ನೀನಿಲ್ಲದೆ ಬೇಜಾರಾಗತ್ತೆ’ ಅಂತ ಹೇಳಿ. ‘ನೀನು ದೇವರನ್ನ ಬಿಟ್ಟೆ’ ಅಂತ ಮಾತ್ರ ಹೇಳಬೇಡಿ, ಅದು ಸುಳ್ಳೂ ಹೌದು, ಅಷ್ಟು ಹೇಳಿದ ಮೇಲೆ ಮಾತೇ ನಿಂತುಹೋಗತ್ತೆ.

ಇನ್ನು ಮೊಮ್ಮಕ್ಕಳ ವಿಷಯ. ಸಾಕ್ಷಿಗಳಿಗೆ ಗಿಫ್ಟ್ ಕೊಡೋದು ತಪ್ಪಲ್ಲ, ಹಬ್ಬದ ಹೆಸರಲ್ಲಿ ಕೊಡೋದು ತಪ್ಪು. ಜೂನ್‌ನಲ್ಲಿ ಸ್ಕೂಲ್ ಶುರುವಾಗೋವಾಗ ಬ್ಯಾಗು ಕೊಡಿಸಿ, ಸುಮ್ನೆ ಒಂದು ದಿನ ಪಾರ್ಸೆಲ್ ಕಳಿಸಿ, ಖುಷಿಯಿಂದ ತಗೋತಾರೆ. ಅಪ್ಪ ಅಮ್ಮನಿಗೆ ಗೊತ್ತಾಗದ ಹಾಗೆ ಮಗು ಕೈಗೆ ಕ್ರಿಸ್‌ಮಸ್ ಅಂತ ಏನಾದ್ರೂ ತುರುಕೋದು ಮಾತ್ರ ಬೇಡವೇ ಬೇಡ. ಮಗು ಮನೇಲಿ ಸುಳ್ಳು ಹೇಳೋ ಹಾಗಾಗತ್ತೆ, ಸೊಸೆಗೆ ಗೊತ್ತಾದ ದಿನದಿಂದ ಮಕ್ಕಳನ್ನ ನಿಮ್ಮ ಹತ್ರ ಬಿಡೋಕೆ ಹೆದರ್ತಾಳೆ. ಕುಸ್ವಾರ್ ಕೊಡಬಹುದಾ ಅಂತ ಕೇಳಿದ್ದೀರಿ, ಅದು ಅವರವರ ಮನಸ್ಸಾಕ್ಷಿಗೆ ಬಿಟ್ಟಿದ್ದು, ಕೆಲವರು ಹಬ್ಬ ಮುಗಿದ ಮೇಲೆ ಬರೀ ತಿಂಡಿ ಅಂತ ತಗೋತಾರೆ, ಕೆಲವರು ತಗೊಳಲ್ಲ, ಕೇಳಿಬಿಡಿ.

ಎಲ್ಲರೂ ಸೇರೋಕೆ ಬೇರೆ ದಿನ ಹುಡುಕಿ. ಮೊಂತಿ ಫೆಸ್ತ್ ಆಗಲ್ಲ, ಅದೂ ಮರಿಯಮ್ಮನ ಹುಟ್ಟುಹಬ್ಬ. ಆದ್ರೆ ಸಾಕ್ಷಿಗಳು ಮದುವೆ ವಾರ್ಷಿಕೋತ್ಸವ ಮಾಡ್ಕೋತಾರೆ, ಅದಕ್ಕೆ ಅವರಲ್ಲಿ ಅಡ್ಡಿ ಇಲ್ಲ. ನಿಮ್ಮದೂ ನಿಮ್ಮ ಯಜಮಾನ್ರದೂ ಮದುವೆ ಆದ ದಿನ ಯಾವಾಗಲೋ ನನಗೆ ಗೊತ್ತಿಲ್ಲ, ಆ ದಿನಕ್ಕೆ ಈಗಲೇ ಮಗನಿಗೆ ಹೇಳಿ ಲೀವ್ ಹಾಕಿಸಿ, ಇಡ್ಲಿ ಥರದ ಸಾನ್ನಾಂ ಮಾಡಿ, ಹಂದಿ ಮಾಂಸ ಮಾಡಿ, ಮನೆ ತುಂಬ ಜನ ಕರೀರಿ. ಒಂದು ನೆನಪಿಡಿ, ಅವರು ರಕ್ತ ಸೇರಿಸಿದ ಅಡುಗೆ ತಿನ್ನಲ್ಲ, ನಿಮ್ಮನೆ ಸೊರ್ಪೊತೆಲ್‌ಗೆ (ಹಂದಿ ಮಾಂಸದ ಪದಾರ್ಥ) ರಕ್ತ ಹಾಕೋ ರೂಢಿ ಇದ್ರೆ ಅವತ್ತು ಹಾಕದೇ ಮಾಡಿ. ಇಷ್ಟು ಗಮನ ಕೊಟ್ಟಿದ್ದೀರಿ ಅಂತ ಗೊತ್ತಾದ್ರೆ ಸೊಸೆ ತಾನಾಗೇ ಹತ್ರ ಬರ್ತಾಳೆ.

ಪಕ್ಕದ ಮನೆಯವರಿಗೆ ‘ಅವರದ್ದು ಬೇರೆ ಸಭೆ, ಅವರು ಕ್ರಿಸ್‌ಮಸ್ ಮಾಡಲ್ಲ’ ಅಂತ ಒಂದೇ ಮಾತು ಸಾಕು. ಮಗನಿಗೂ ನನ್ನದೊಂದು ಮಾತು, ಈ ಪುಟ ಅವನಿಗೆ ಓದೋಕೆ ಕೊಡೋದಾದ್ರೆ: ಅಮ್ಮ ಗೋದಲಿ ಮುಂದೆ ಕೂತು ಜಪಸರ ಹಿಡಿದಾಗ ಅದು ಅನ್ಯಧರ್ಮದ ಪೂಜೆ ಅಂತ ಪಾಠ ಮಾಡೋಕೆ ಹೋಗಬೇಡಪ್ಪ. ಒಬ್ಬನು ಒಂದು ದಿನವನ್ನ ವಿಶೇಷ ಅಂತಾನೆ, ಇನ್ನೊಬ್ಬನು ಎಲ್ಲಾ ದಿನಾನೂ ಒಂದೇ ಅಂತಾನೆ, ಇಬ್ಬರೂ ಅವರವರ ಮನಸ್ಸಲ್ಲಿ ನಿಶ್ಚಯ ಮಾಡ್ಕೊಂಡಿರಲಿ ಅನ್ನೋ ಅರ್ಥದ ಮಾತನ್ನ ಪೌಲ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಹೇಳಿದ್ದಾನೆ, ನೀನೂ ಓದಿರ್ತೀಯ.

ಪ್ರಶ್ನೆ: ನಾನು ಶಿವಮೊಗ್ಗ ಹತ್ರದ ಒಂದು ಪ್ರೈವೇಟ್ ಶಾಲೆಯಲ್ಲಿ ಟೀಚರ್. ಕ್ರಿಸ್‌ಮಸ್ ಪ್ರೋಗ್ರಾಮಿಗೆ ಮೂರನೇ ಕ್ಲಾಸಿನ ಒಬ್ಬ ಹುಡುಗನಿಗೆ ಸಾಂತಾ ಪಾರ್ಟ್ ಕೊಟ್ಟಿದ್ವಿ, ಕ್ರಿಶ್ಚಿಯನ್ ಅಂತಾನೇ ಅವನನ್ನ ಆರಿಸಿದ್ದು. ಅವರ ಮನೆಯವರು ಬ್ರದರನ್ ಸಭೆಯವರಂತೆ, ಪಾರ್ಟೂ ಬೇಡ ಡಾನ್ಸೂ ಬೇಡ ಅಂತ ಲೆಟರ್ ಕಳಿಸಿದ್ದಾರೆ. ಹೆಡ್ ಮಿಸ್ಸು ‘ಶಾಲೆ ಶಿಸ್ತು ಎಲ್ಲರಿಗೂ ಒಂದೇ’ ಅಂತಿದ್ದಾರೆ. ನಾನು ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡಿದ್ದೀನಿ.

ಉತ್ತರ: ಮಗುವಿನ ಕಡೆ ನಿಲ್ಲಿ ಮೇಡಂ. ಬ್ರದರನ್ ಸಭೆಗಳಲ್ಲೂ ಪೆಂತೆಕೋಸ್ತಿನ ಎಷ್ಟೋ ಸಭೆಗಳಲ್ಲೂ ಕ್ರಿಸ್‌ಮಸ್ ಮಾಡಲ್ಲ, ಕೇರಳದಲ್ಲಂತೂ ಇಡೀ ಬೀದಿಗೆ ನಕ್ಷತ್ರ ತೂಗಿದ್ರೂ ಇವರ ಮನೆ ಮುಂದೆ ಇರಲ್ಲ. ಬ್ರದರನ್ನವರು ಪ್ರತಿ ಭಾನುವಾರ ರೊಟ್ಟಿ ಮುರಿದು ಕರ್ತನ ಮರಣ ನೆನೀತಾರೆ, ಅದಕ್ಕಿಂತ ಬೇರೆ ಹಬ್ಬ ಅಪೊಸ್ತಲರು ಹೇಳಿಲ್ಲ ಅನ್ನೋದು ಅವರ ನಂಬಿಕೆ. ಕ್ರಿಶ್ಚಿಯನ್ ಅಂದ ತಕ್ಷಣ ಸಾಂತಾ ಟೋಪಿ ಹಾಕಿಬಿಡೋದು ನಮ್ಮ ಶಾಲೆಗಳಲ್ಲಿ ಅಭ್ಯಾಸ ಆಗಿಬಿಟ್ಟಿದೆ, ಮೊದಲು ಮನೆಯವರನ್ನ ಒಂದು ಮಾತು ಕೇಳೋದು ಒಳ್ಳೇದು.

ಹೆಡ್ ಮಿಸ್ಸಿಗೆ ಶಿಸ್ತಿನ ಮಾತು ಮುಖ್ಯ ಅನಿಸಿದ್ರೆ ಬಿಜೊ ಇಮ್ಯಾನುಯೆಲ್ ಕೇಸಿನ ಬಗ್ಗೆ ಹೇಳಿ. 1985ರಲ್ಲಿ ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳ ಕುಟುಂಬದ ಮೂವರು ಮಕ್ಕಳು, ಒಬ್ಬ ಅಣ್ಣ ಇಬ್ಬರು ತಂಗಿಯರು, ರಾಷ್ಟ್ರಗೀತೆ ಹಾಡ್ತಿರಲಿಲ್ಲ. ಎಲ್ಲರ ಜೊತೆ ಎದ್ದು ಗೌರವದಿಂದ ನಿಲ್ತಿದ್ರು, ಬಾಯಿ ಮಾತ್ರ ತೆರೀತಿರಲಿಲ್ಲ. ಶಾಲೆಯಿಂದ ತೆಗೆದ್ರು, ಹೈಕೋರ್ಟಲ್ಲೂ ಅವರಿಗೆ ಸೋಲಾಯ್ತು, ಸುಪ್ರೀಂ ಕೋರ್ಟಲ್ಲಿ 1986ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಮತ್ತು ನ್ಯಾಯಮೂರ್ತಿ ದತ್ ಅವರ ಪೀಠ ಮಕ್ಕಳನ್ನ ವಾಪಸ್ ಸೇರಿಸ್ಕೊಳ್ಳಿ ಅಂತ ಹೇಳ್ತು. ಮಾತಿನ ಸ್ವಾತಂತ್ರ್ಯ, ಧರ್ಮದ ಸ್ವಾತಂತ್ರ್ಯ ಕೊಡೋ ಸಂವಿಧಾನದ 19 ಮತ್ತು 25ನೇ ವಿಧಿಗಳು ಆ ಮಕ್ಕಳನ್ನ ಕಾಪಾಡಿದ್ವು. ಸಂಪ್ರದಾಯ, ತತ್ವಜ್ಞಾನ, ಸಂವಿಧಾನ ಮೂರೂ ನಮಗೆ ಸಹನೆ ಕಲಿಸ್ತವೆ, ಅದನ್ನ ದುರ್ಬಲ ಮಾಡೋದು ಬೇಡ ಅನ್ನೋ ಭಾವದ ಮಾತು ಆ ತೀರ್ಪಿನ ಕೊನೇಲಿ ಬರತ್ತೆ, ನಂಗೆ ತುಂಬಾ ಇಷ್ಟದ ಸಾಲು ಅದು. ರಾಷ್ಟ್ರಗೀತೆ ವಿಷಯದಲ್ಲೇ ಹಾಗಂದ ಮೇಲೆ ಕ್ರಿಸ್‌ಮಸ್ ಪ್ರೋಗ್ರಾಮಿನ ಡಾನ್ಸಿಗೆ ಒಂಬತ್ತು ವರ್ಷದ ಹುಡುಗನ್ನ ಒತ್ತಾಯ ಮಾಡೋದು ಯಾವ ಶಿಸ್ತು?

ಆದ್ರೆ ಬಿಟ್ಟುಬಿಡೋದಷ್ಟೇ ಸಾಲದು, ಮಿಕ್ಕ ಮಕ್ಕಳೆಲ್ಲ ರಿಹರ್ಸಲ್ ಮಾಡ್ತಿರೋವಾಗ ಅವನೊಬ್ಬನೇ ಕ್ಲಾಸಲ್ಲಿ ಕೂತಿರಬಾರದು. ಲೈಬ್ರರಿ ಕೆಲಸವೋ, ಡ್ರಾಯಿಂಗೋ, ಅವನಿಗೂ ಮನೆಯವರಿಗೂ ಒಪ್ಪಿಗೆ ಇರೋದು ಏನಾದ್ರೂ ಕೊಡಿ. ಮತ್ತೆ ಕ್ಲಾಸಲ್ಲಿ ಎಲ್ಲರ ಮುಂದೆ ‘ನೀನ್ಯಾಕಪ್ಪ ಮಾಡಲ್ಲ’ ಅಂತ ಕೇಳಬೇಡಿ, ಆ ವಯಸ್ಸಲ್ಲಿ ಅದಕ್ಕೆ ಉತ್ತರ ಕೊಡೋದು ಬಹಳ ಕಷ್ಟ.

ಪ್ರಶ್ನೆ: ನಾನೇ ಕ್ರಿಸ್‌ಮಸ್ ಮಾಡದ ಸಭೆಯವಳು. ಆಫೀಸಲ್ಲಿ ಸೀಕ್ರೆಟ್ ಸಾಂತಾ ಚೀಟಿ ಎತ್ತಿಸ್ತಾರೆ, ಮೇರಿ ಕ್ರಿಸ್‌ಮಸ್ ಅಂತಾರೆ. ಬೇಡ ಅಂದ್ರೆ ಸೊಕ್ಕು ಅಂದ್ಕೋತಾರೆ, ಸುಮ್ಮನಿದ್ರೆ ಮನಸ್ಸು ಚುಚ್ಚತ್ತೆ.

ಉತ್ತರ: ಚೀಟಿ ಎತ್ತೋ ದಿನ ಎಲ್ಲರೆದುರು ಬೇಡ ಅನ್ನೋ ಬದಲು ಅದಕ್ಕೆ ಮುಂಚೆಯೇ ಅದನ್ನ ನೋಡಿಕೊಳ್ಳೋರ ಹತ್ರ ಹೋಗಿ ‘ನನ್ನ ನಂಬಿಕೆ ಪ್ರಕಾರ ನಾನು ಇದರಲ್ಲಿ ಸೇರಲ್ಲ, ನನ್ನ ಹೆಸರು ಬಿಟ್ಟುಬಿಡಿ’ ಅಂತ ಹೇಳಿ. ಹುಷಾರಿಲ್ಲ, ಊರಿಗೆ ಹೋಗ್ತಿದ್ದೀನಿ ಅಂತ ನೆಪ ಹೇಳಬೇಡಿ, ಮುಂದಿನ ವರ್ಷ ಮತ್ತೆ ಹೇಳಬೇಕಾಗತ್ತೆ. ಹಬ್ಬದ ಮೂಲ ರೋಮನ್ನರದ್ದು ಅಂತ ಊಟದ ಟೇಬಲ್ ಮೇಲೆ ವಿವರಿಸೋಕೂ ಹೋಗಬೇಡಿ, ಯಾರಾದ್ರೂ ಆಸಕ್ತಿಯಿಂದ ಕೇಳಿದ್ರೆ ಮಾತ್ರ ಹೇಳಿ. ಮೇರಿ ಕ್ರಿಸ್‌ಮಸ್ ಅಂದೋರಿಗೆ ನಗುತ್ತಾ ಥ್ಯಾಂಕ್ಸ್ ಅಂದ್ರೆ ನೀವು ಹಬ್ಬ ಮಾಡಿದ ಹಾಗೆ ಆಗಲ್ಲ, ಅವರು ಒಳ್ಳೇದು ಬಯಸಿದ್ದಕ್ಕೆ ಕೊಟ್ಟ ಉತ್ತರ ಅಷ್ಟೇ.

ನಿಮ್ಮದು ಶಿಫ್ಟ್ ಇರೋ ಕೆಲಸ ಅಂತ ಬರೆದಿದ್ದೀರಲ್ಲ, ಹಾಗಾದ್ರೆ 24ರ ರಾತ್ರಿಯ ಮತ್ತು 25ರ ಶಿಫ್ಟನ್ನ ನೀವೇ ಕೇಳಿ ತಗೊಳ್ಳಿ, ಟೀಮಲ್ಲಿ ಹಬ್ಬ ಮಾಡೋರು ಯಾರೋ ಒಬ್ಬರು ಮನೇಲಿರ್ತಾರೆ. ರೋಸ್ಟರ್ ಹಾಕೋ ಮುಂಚೆ, ನವೆಂಬರ್ ಕೊನೆಯಲ್ಲೇ ಟೀಮ್ ಲೀಡ್‌ಗೆ ಹೇಳಿಡಿ.