ಹಸೆ ಚಿತ್ತಾರಕ್ಕೆ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ: ಸಾಗರದ ಹಳ್ಳಿಯವಳಾದ ನಾನು ಅಜ್ಜಿಯಿಂದ ಕಲಿತ ಹಸೆ ಚಿತ್ತಾರವನ್ನು (ಮಲೆನಾಡಿನ ಸಾಂಪ್ರದಾಯಿಕ ಗೋಡೆ ಚಿತ್ರಕಲೆ) ಬಟ್ಟೆಯ ಮೇಲೆ ಬರೆಯುತ್ತೇನೆ. ಆನ್‌ಲೈನ್‌ನಲ್ಲಿ ಮಾರಲು ಜಿಎಸ್‌ಟಿ ನೋಂದಣಿ ಬೇಕೇ? ಬೆಲೆ ಎಷ್ಟಿಡಲಿ?

ಉತ್ತರ: ರಾಜ್ಯದೊಳಗೆ ಮಾತ್ರ ಮಾರುವ ಸಣ್ಣ ಮಾರಾಟಗಾರರು 2023ರ ಅಕ್ಟೋಬರ್ 1ರಿಂದ, ಪ್ಯಾನ್ ಆಧರಿಸಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆ ಪಡೆದು, ಪೂರ್ಣ ನೋಂದಣಿಯಿಲ್ಲದೆಯೇ ಇ-ಮಾರುಕಟ್ಟೆ ತಾಣಗಳಲ್ಲಿ ಮಾರಬಹುದು. ಬೆಲೆಯ ವಿಷಯದಲ್ಲಿ ದಯವಿಟ್ಟು ಸಂಕೋಚಪಡಬೇಡಿ. ಬಿಳಿ ಬಣ್ಣಕ್ಕೆ ಅಕ್ಕಿ ನೆನೆಸಿ ಅರೆಯುವುದು, ಕೆಮ್ಮಣ್ಣು ಬಳಿಯುವುದು, ಪುಂಡಿ ಗಿಡದ ನಾರಿನ ಕುಂಚದಿಂದ ಒಂದೊಂದೇ ಎಳೆ ಎಳೆಯುವುದು, ಇವೆಲ್ಲದರ ಹೊತ್ತಿಗೂ ದಿನಗೂಲಿಯ ಲೆಕ್ಕ ಹಾಕಿ, ಆಮೇಲೆ ಬಟ್ಟೆ, ಪ್ಯಾಕಿಂಗ್ ಹಾಗೂ ತಾಣದ ಕಮಿಷನ್ ಸೇರಿಸಿ. ಹಗಲು ಬೆಳಕಿನಲ್ಲಿ ತೆಗೆದ ಪೂರ್ತಿ ಚಿತ್ರದ ಜೊತೆಗೆ, ನಾರು ಬಿಟ್ಟ ಗೆರೆಯ ಸಣ್ಣ ಏರಿಳಿತ ಕಾಣುವಂಥ ಹತ್ತಿರದ ಫೋಟೊವನ್ನೂ ಹಾಕಿ. ಅಚ್ಚಿನ ನಕಲಿನಲ್ಲಿ ಅದು ಸಿಗುವುದಿಲ್ಲ.