ಬೆಲ್ಟ್ ಮೇಲೇರಿದರೆ ತಪ್ಪು ಕತ್ತರಿಯದು

ಕಲಬುರಗಿಯ ಸೇಡಂ ರಸ್ತೆಯಿಂದ ಬಂದ ಪತ್ರದ ಸಾರ ಇಷ್ಟು: ಬರೆದವರಿಗೆ 41 ವರ್ಷ. ಆರು ತಿಂಗಳಿಂದ ಮೊಬೈಲ್ ನೋಡಿಕೊಂಡು, ಓಣಿಯ ಇಬ್ಬರು ಗೆಳತಿಯರ ಜೊತೆ ಮನೆಯಲ್ಲೇ ಬೆಲ್ಲಿ ಡ್ಯಾನ್ಸ್ ಕಲಿಯುತ್ತಿದ್ದಾರೆ. ಹಿಪ್ ಅಳತೆ 50 ಇಂಚು, ಆ ಅಳತೆಗೆ ರೆಡಿಮೇಡ್ ಉಡುಪು ಸಿಗಲಿಲ್ಲ. ಹಿಪ್ಪಿಗೆ ಕಟ್ಟಿಕೊಳ್ಳಲು ತಾವೇ ಒಂದು ಬಟ್ಟೆಯ ಬೆಲ್ಟ್ ಹೊಲಿದರು. ಎರಡು ಹಾಡು ಮುಗಿಯುವಷ್ಟರಲ್ಲಿ ಅದು ನಡುವಿಗೆ ಏರಿ ಕೂತಿತು. ಟೇಲರ್ ನೋಡಿ "ನಿಮ್ಮ ಸೈಜಿಗೆ ಇದು ನಿಲ್ಲಂಗಿಲ್ರಿ ಮೇಡಂ" ಅಂದರಂತೆ. ಹೊಟ್ಟೆ ಮುಚ್ಚಿಕೊಂಡರೆ ಅದೆಂಥ ಬೆಲ್ಲಿ ಡ್ಯಾನ್ಸ್ ಅಂತ ನಾದಿನಿಯ ನಗೆ ಬೇರೆ. ಕೊನೆಗೆ ಕೇಳಿದ್ದು: "ಅಕ್ಕಾರ, ಮೊದಲು ತೂಕ ಇಳಿಸಿ ಆಮೇಲೆ ಹೊಲಿಸ್ಲೇನ್ರಿ? ಟೇಲರ್ ಬದಲಿ ಮಾಡ್ಲೇನ್ರಿ?"

ತಂಗಿ,

ನಿಮ್ಮ ಬೆಲ್ಟನ್ನು ನಾನು ನೋಡಿಲ್ಲ. ಆದರೂ ಅದು ನೆಟ್ಟಗಿನ ಪಟ್ಟಿ ಅಂತ ಪಂಥ ಕಟ್ಟಿ ಹೇಳ್ತೀನಿ. ಹಿಪ್ಪಿನಿಂದ ನಡುವಿಗೆ ಬರುತ್ತ ಮೈ ಕಿರಿದಾಗುತ್ತದೆ, ಬೋರಲು ಹಾಕಿದ ಬಕೆಟ್ಟಿನ ಹಾಗೆ. ಅದಕ್ಕೆ ನೆಟ್ಟಗಿನ ಪಟ್ಟಿ ಸುತ್ತಿದರೆ ಕೆಳ ಅಂಚು ಬಿಗಿಯುತ್ತದೆ, ಮೇಲಿನ ಅಂಚು ಬಾಯಿ ಬಿಡುತ್ತದೆ. ಕುಣಿಯಲು ಶುರು ಮಾಡಿದಿರೋ, ಪಟ್ಟಿ ತನಗೆ ಆರಾಮಾದ ಜಾಗ ಹುಡುಕಿಕೊಂಡು ಮೇಲಕ್ಕೆ ಹೊರಡುತ್ತದೆ. ಎಲಾಸ್ಟಿಕ್ ಹಾಕಿದ್ದರಂತೂ ಕೇಳಲೇಬೇಡಿ. 36ರ ಹಿಪ್ಪಿನ ಹುಡುಗಿ ಕಟ್ಟಿಕೊಂಡರೂ ಇದೇ ಕತೆ, ಅಷ್ಟಾಗಿ ಕಣ್ಣಿಗೆ ಬೀಳದು.

ಆ ಬೆಲ್ಟ್ ಬಿಚ್ಚಿ ಪಕ್ಕಕ್ಕಿಡಿ. ಹಳೆಯ ಪೇಪರ್ ನಾಲ್ಕು ಪದರ ಅಂಟಿಸಿ, ಆರಿಂಚು ಅಗಲದ ಎರಡು ಪಟ್ಟಿ ಮಾಡಿ: ಮುಂದಕ್ಕೊಂದು, ಹಿಂದಕ್ಕೊಂದು. ಮುಂದಿನದನ್ನು ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗಿನ ಮಡಿಕೆಗೆ ಹಿಡಿಯಿರಿ. ಹಿಂದಿನದು ಒಂದಿಷ್ಟು ಮೇಲೆ ಕೂತರೂ ನಡೀತದೆ. ಗೆಳತಿಯೊಬ್ಬಳನ್ನು ಕರೆದು, ಮೇಲಿನ ಅಂಚಿನಿಂದ ಮೂರು ಮೂರು ಇಂಚಿಗೊಂದು ಸೀಳು ಹಾಕಿಸಿ. ಕೆಳ ಅಂಚು ಮಾತ್ರ ಕತ್ತರಿಸಬಾರದು. ಸೀಳಿನ ಒಂದು ಬದಿಯನ್ನು ಇನ್ನೊಂದರ ಮೇಲೆ ಏರಿಸುತ್ತ, ಪೇಪರ್ ಮೈಗೆ ಹತ್ತಿ ಕೂರುವ ತನಕ ಟೇಪ್ ಅಂಟಿಸುತ್ತ ಹೋಗಲಿ. ಬಿಚ್ಚಿ ನೆಲಕ್ಕೆ ಹಾಸಿ ನೋಡಿ, ಪಟ್ಟಿ ಬಿದಿಗೆ ಚಂದ್ರನಂತೆ ಬಾಗಿರುತ್ತದೆ. ಆ ಬಾಗೇ ನಿಮ್ಮ ಬೆಲ್ಟಿನ ಅಳತೆ. ಟೇಪು ಹಿಡಿದು ಬರೆದುಕೊಂಡ ಯಾವ ನಂಬರಿನಲ್ಲೂ ಅದು ಸಿಗುವುದಿಲ್ಲ.

ಒಳಗೆ ಬಕ್ರಂ, ಅಂದರೆ ಗಂಜಿ ಹಾಕಿದ ಬಿರುಸು ಬಟ್ಟೆ, ಬೇಡ. ಹಿಂದೊಮ್ಮೆ ಒಂದು ಶಾಲೆಯ ನಾಟಕಕ್ಕೆ ನಾನೇ ಬಕ್ರಂ ಹಾಕಿ ನಡುಪಟ್ಟಿ ಹೊಲಿದಿದ್ದೆ. ಮೇ ತಿಂಗಳು, 42 ಡಿಗ್ರಿ ದಾಟುವ ನಮ್ಮ ಊರು. ಬೆವರಿಗೆ ಬಕ್ರಮಿನ ಗಂಜಿ ಇಳಿದು, ಎರಡನೇ ಅಂಕಕ್ಕೆ ರಾಣಿಯ ನಡುಪಟ್ಟಿ ನೆನೆದ ಹಪ್ಪಳ ಆಗಿತ್ತು. ಮನೆಯಲ್ಲಿ ಹಳೆ ಜೀನ್ಸ್ ಇದ್ದರೆ ಎರಡು ಪದರ ಹಾಕಿ, ಮೈಗೆ ತಾಗುವ ಕಡೆ ಕಾಟನ್ ಅಸ್ತರ್ ಕೊಡಿ. ಎರಡೂ ಪಕ್ಕದಲ್ಲಿ ತುದಿಗಳು ಮೂರು ಮೂರು ಇಂಚು ಒಂದರ ಮೇಲೊಂದು ಬರಲಿ. ಕುಬಸದ ಸಣ್ಣ ಹುಕ್ಕು ಈ ಭಾರಕ್ಕೆ ಕಿತ್ತು ಬರುತ್ತದೆ, ಪ್ಯಾಂಟಿನ ಹುಕ್ಕು ಹಾಕಿಸಿ. ತೂಕದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ: ಇಳಿದರೂ ಏರಿದರೂ ಹುಕ್ಕು ಸರಿಸಿದರಾಯಿತು. ಇಳಿಸೋದು ಬಿಡೋದು ನಿಮಗೂ ನಿಮ್ಮ ಡಾಕ್ಟರಿಗೂ ಬಿಟ್ಟ ಮಾತು, ಬಟ್ಟೆ ಅದಕ್ಕಾಗಿ ಕಾಯಬೇಕಿಲ್ಲ.

ಟಿಕಳಿ, ಮಣಿ ಹಚ್ಚುವ ಮೊದಲು ಬೆಲ್ಟ್ ಕಟ್ಟಿಕೊಂಡು ಕುರ್ಚಿ ಮೇಲೆ ಕೂಡ್ರಿ. ಹೊಟ್ಟೆಗೆ ಚುಚ್ಚಿದರೆ ಮುಂದಿನ ತುಂಡಿನ ಅಗಲವನ್ನು ಐದಿಂಚಿಗೆ ಇಳಿಸಿ. ಮಣಿಯ ಜಾಲರಿ ಪೋಣಿಸುವಾಗ ಒಂದೊಂದು ಎಳೆಗೂ ಬೇರೆ ಗಂಟು ಹಾಕಿ. ಒಂದೇ ದಾರದಲ್ಲಿ ಹೊಲಿದರೆ ಒಂದು ಕಡೆ ಹರಿದದ್ದೇ ತಡ, ಮನೆ ತುಂಬ ಮಣಿ.

ಇನ್ನು ಲಂಗ. ಪೂರ್ತಿ ವೃತ್ತದ ಘೇರು ಬೇಕಾದರೆ ಹಿಪ್ ಅಳತೆಯನ್ನು 6.28ರಿಂದ ಭಾಗಿಸಬೇಕು, ಬರುವುದು ಲಂಗದ ಬಾಯಿಯ ತ್ರಿಜ್ಯ, ನಿಮಗೆ ಹತ್ತಿರ ಹತ್ತಿರ 8 ಇಂಚು. ಬೆಲ್ಟಿನಿಂದ ಹರಡಿನ ತನಕ 36 ಇಂಚು ಅಂತ ಹಿಡಿದರೆ ಒಟ್ಟು 44. ಪನ್ನಾ, ಅಂದರೆ ಬಟ್ಟೆಯ ಅಗಲ, ಅದೂ 44 ಇರುವ ಬಟ್ಟೆಯಲ್ಲಿ ಮಡಿಸಿ ಹೊಲಿಯಲು ಒಂದು ನೂಲೂ ಉಳಿಯದು. "ನಿಮ್ಮ ಸೈಜಿಗೆ ಆಗಲ್ಲ" ಅನ್ನುವವರು ಸಾಮಾನ್ಯವಾಗಿ ಇಲ್ಲೇ ಕೈಚೆಲ್ಲುತ್ತಾರೆ. ಎರಡು ವೃತ್ತ ಕೂಡಿಸಿ ನೋಡಿ! ಆಗ ಒಂದೊಂದು ವೃತ್ತದ ಬಾಯಿ 25 ಇಂಚು, ತ್ರಿಜ್ಯ ಬರೀ 4. ಉದ್ದ ಸೇರಿ 40, ಮಡಿಕೆ ಸೇರಿ 41, ಪನ್ನಾದೊಳಗೇ ಕೂರುತ್ತದೆ. ನಾಲ್ಕು ಅರ್ಧ ವೃತ್ತಕ್ಕೆ ಎಂಟೂವರೆ ಮೀಟರ್ ಬಟ್ಟೆ ಹಿಡಿಯುತ್ತದೆ, ಖರ್ಚು ಹೆಚ್ಚು ಅನ್ನೋದು ಖರೆ. ಆದರೆ ಗಿರ್ಕಿ ಹೊಡೆದಾಗ ಅದು ಬಿಚ್ಚಿಕೊಳ್ಳುವ ಚಂದ ಬೇರೆ. ಬಾಯಿಗೆ ಲಾಡಿ ಹಾಕಿ, ಎರಡು ದಿನ ಗೂಟಕ್ಕೆ ತೂಗಿಬಿಟ್ಟು ಆಮೇಲೆ ಕೆಳ ಅಂಚು ಮಡಿಸಿ. ಓರೆ ಬಂದ ಕಡೆ ಬಟ್ಟೆ ಜೋತು ಉದ್ದವಾಗುತ್ತದೆ. ನೆಲದಿಂದ ಬೆಲ್ಟಿನ ತನಕ ಮುಂದೆ, ಪಕ್ಕಕ್ಕೆ, ಹಿಂದೆ ಬೇರೆ ಬೇರೆ ಅಳೆಯಿರಿ. ಮೂರೂ ಒಂದೇ ಬಂದರೆ ನನಗೆ ಪತ್ರ ಬರೆಯಿರಿ, ಆಶ್ಚರ್ಯಪಡ್ತೀನಿ.

ನಾದಿನಿಯವರ ಮಾತಿಗೆ ಬರ್ತೀನಿ. ಸಿನಿಮಾದಲ್ಲಿ ಕಾಣುವ ಎರಡು ತುಂಡಿನ ಹೊಳೆಹೊಳೆಯುವ ಉಡುಪು ಹಳೆಯ ಕಾಲದ್ದಲ್ಲ. ಅದಕ್ಕೆ ಅರಬಿಯಲ್ಲಿ ಬದ್ಲಾ ಅಂತಾರೆ, ಸೂಟ್ ಅಂತ ಅರ್ಥ. 1926ರಲ್ಲಿ ನರ್ತಕಿ ಬದಿಯಾ ಮಸಾಬ್ನಿ ಈಜಿಪ್ಟಿನ ಕೈರೋದಲ್ಲಿ ಮನರಂಜನಾ ಮಂದಿರ ತೆರೆದರು. ಅಂಥ ರಂಗಸ್ಥಳಗಳಿಂದಲೇ ಅದು ಹಬ್ಬಿದ್ದು. ಈಜಿಪ್ಟಿನ ಹಳ್ಳಿ ಹೆಣ್ಣುಮಕ್ಕಳು ಕುಣಿಯುತ್ತಿದ್ದದ್ದು ಪಾದದ ತನಕ ಬರುವ ನಿಲುವಂಗಿ ತೊಟ್ಟು, ಹಿಪ್ಪಿಗೆ ಒಂದು ವಸ್ತ್ರ ಬಿಗಿದು. ಮುಂದೆ 1950ರ ದಶಕದಲ್ಲಿ ಅಲ್ಲಿನ ಸರ್ಕಾರವೇ ನರ್ತಕಿಯರು ಹೊಟ್ಟೆ ಮುಚ್ಚಬೇಕು ಅಂದಿತು, ಅವರು ನೆಟ್ ಬಟ್ಟೆ ಹಾಕಿಕೊಂಡರು. ನೀವೂ ನೆಟ್ ಹಾಕಬಹುದು. ಅಂಗಡಿಯವರು "ಸ್ಕಿನ್ ಕಲರ್" ಅಂತ ತೋರಿಸುವ ಗುಲಾಬಿ ಬಣ್ಣ ಮಾತ್ರ ಬೇಡ, ಅದು ಯಾರ ಸ್ಕಿನ್ನೋ ನನಗಿನ್ನೂ ತಿಳಿದಿಲ್ಲ. ಕಪ್ಪು ತಗೊಳ್ಳಿ.

ಮೇಲಿನ ತುಂಡಿಗೆ ಮಣಿ ಕಟ್ಟಿದ ಬ್ರಾ ಈಗಲೇ ಯಾಕೆ? ಭಾರಕ್ಕೆ ಎಲಾಸ್ಟಿಕ್ ಪಟ್ಟಿ ಜಗ್ಗುತ್ತದೆ. ಅದನ್ನು ಕಿತ್ತು ಗಟ್ಟಿ ಬಟ್ಟೆಯ ಅಗಲ ಪಟ್ಟಿ ಕೂಡಿಸಬೇಕು. ಕುತ್ತಿಗೆಗೆ ಕಟ್ಟಿದರೆ ಕುತ್ತಿಗೆ ನೋವು. ಹೊಸದಾಗಿ ಕಲಿಯುವವರಿಗೆ ನನ್ನ ಸಲಹೆ ಚೋಲಿ. ನಮ್ಮ ತಾಂಡಾಗಳ ಲಂಬಾಣಿ ಅಜ್ಜಿಯರ ಕಾಂಚಳಿ ನೋಡಿದ್ದೀರಲ್ಲ, ಮುಂದೆ ಕನ್ನಡಿ, ಹಿಂದೆ ಬೆನ್ನಿಗೆ ಬರೀ ಲಾಡಿ. ಲಾಡಿ ಸಡಿಲಿಸಿದರೆ ಬಾಣಂತಿಗೂ ಸರಿ, ಬಿಗಿದರೆ ಮತ್ತೆ ಸರಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1987ರಲ್ಲಿ ಕ್ಯಾರೊಲಿನಾ ನೆರಿಚಿಯೊ ಕಟ್ಟಿದ ಬೆಲ್ಲಿ ಡ್ಯಾನ್ಸ್ ತಂಡದವರು ತೊಡುವುದೂ ಬೆನ್ನು ತೆರೆದ ಚೋಲಿ, ಭಾರೀ ಘೇರಿನ ಲಂಗ. ನೀವು ಮುಂಭಾಗಕ್ಕೆ ಕಟೋರಿ, ಅಂದರೆ ಬಟ್ಟಲಿನಾಕಾರದ ತುಂಡು, ಕತ್ತರಿಸಲು ಹೇಳಿ. ಅದು ಬಾರದ ಟೇಲರ್ ಕಲಬುರಗಿಯಲ್ಲಿ ಇಲ್ಲ. ಕಂಕುಳಲ್ಲಿ ಚೌಕದ ತುಂಡು ಕೂಡಿಸಿದರೆ ಕೈ ಎತ್ತಿದಾಗ ಚೋಲಿ ಜೊತೆಗೆ ಏಳುವುದಿಲ್ಲ. ಹೈದರಾಬಾದಿಗೆ ಹೋಗುವವರಿದ್ದರೆ ಚಾರ್ಮಿನಾರ್ ಪಕ್ಕದ ಲಾಡ್ ಬಜಾರಿನಿಂದ ಲೇಸು, ಗೋಟಾ ತರಿಸಿಕೊಳ್ಳಿ.

ಟೇಲರನ್ನು ಬದಲಿಸಬೇಡಿ. ನಿಮ್ಮ ಕುಬಸದ ಅಳತೆ ಬಲ್ಲವರು, ಬೆಲ್ಟ್ ಎಂದೂ ಹೊಲಿದಿರಲಿಕ್ಕಿಲ್ಲ, ಅದಕ್ಕೇ ಹಾಗಂದಿರಬೇಕು. ಆ ಬಾಗಿದ ಪೇಪರ್ ಒಯ್ದು ಅವರ ಟೇಬಲ್ ಮೇಲೆ ಹಾಸಿ, "ಇದರ ಮೇಲೆ ಕತ್ತರಿ ಹಾಕ್ರಿ" ಅನ್ನಿ. ಪೇಪರಿನ ಮೇಲೆ ಮುಂದು, ಹಿಂದು ಅಂತ ದೊಡ್ಡದಾಗಿ ಬರೆದಿರಿ, ಅದಲುಬದಲಾದರೆ ಬಟ್ಟೆ ದಂಡ.